ಏರಿ ಕೆಳಗಿನ ಕೊಡುಗೆ ಗದ್ದೆ

"ನನ್ನ ಹೊಸ ಕೆರೆಯಂಥ ಕೆರೆ ಈ ಸೀಮೆಯಲ್ಲಿ ಇನ್ನೊಂದಿಲ್ಲ" ಎಂದು ಕಂಚಿಗುಡ್ಡದ ಪಾಳೆಯಗಾರ ಗಾದ್ರಿನಾಯಕರು ಸಭೆಯಲ್ಲಿ ಸಾರಿದರು. ಸಭೆಯೆಲ್ಲ ತಲೆಯಾಡಿಸಿತು. ಅರಮನೆಯಲ್ಲಿ ಅವರಿಗೆಲ್ಲ ಎರಡು ಹೊತ್ತು ಊಟ ಹಾಕುತ್ತಿದ್ದದ್ದು ಅದಕ್ಕೇ ಅಲ್ಲವೆ.

ತಲೆಯಾಡಿಸದೆ ಕೂತಿದ್ದವನು ಗೋಣಿಬಸಯ್ಯ ಒಬ್ಬನೇ.

ಈ ಗೋಣಿಬಸಯ್ಯ ಸಾಮಾನ್ಯದ ಆಸಾಮಿಯೇನಲ್ಲ. ಒಂದು ಕಾಲಕ್ಕೆ ಅವನೇ ಮಂತ್ರಿ. ಇದೇ ಕೆರೆಗೆ ಗುದ್ದಲಿಪೂಜೆ ಮಾಡಿ, ಕುತ್ತಿಗೆ ತುಂಬ ಹಾರ ಹಾಕಿಸಿಕೊಂಡು, "ಈ ಏರಿ ನಮ್ಮ ಮರಿಮಕ್ಕಳ ಕಾಲಕ್ಕೂ ಅಲುಗಾಡದು" ಎಂದು ಭಾಷಣ ಬಿಗಿದವನೂ ಅವನೇ. ಆಗಿನ್ನೂ ಏರಿಗೆ ಒಂದು ಬುಟ್ಟಿ ಮಣ್ಣೂ ಬಿದ್ದಿರಲಿಲ್ಲ, ಆ ಮಾತು ಬೇರೆ.

ಅಷ್ಟರಲ್ಲಿ ನಾಯಕರ ಬಾವಮೈದುನ ಸೂರಪ್ಪನಿಗೆ ಮಂತ್ರಿಯಾಗುವ ಆಸೆ ಹುಟ್ಟಿತು. ಹೆಂಡತಿಯ ತಮ್ಮನ ಆಸೆ ಅಂದಮೇಲೆ ಅದು ರಾಜ್ಯದ ಹಿತವೇ ತಾನೆ. ಗೋಣಿಬಸಯ್ಯನನ್ನು ಇಳಿಸಿ, ಅರಮನೆಯ ಕೆಲಸಗಳು ನೆಟ್ಟಗಿವೆಯೋ ಇಲ್ಲವೋ ಎಂದು ತಪಾಸಣೆ ಮಾಡುವ ಹುದ್ದೆಗೆ ಕೂರಿಸಿದರು. ಪಲ್ಲಕ್ಕಿ ಇಲ್ಲದ, ಹಾರ ಇಲ್ಲದ, ಎದುರಿಗೆ ಬಂದವರು ಪಕ್ಕದ ಓಣಿಗೆ ತಿರುಗಿಕೊಳ್ಳುವ ಹುದ್ದೆ. ಕೆರೆಯ ಕೆಲಸವನ್ನು ಸೂರಪ್ಪನೇ ನಿಂತು ಮುಗಿಸಿದ. ನಿಂತದ್ದು ಮಾತ್ರ ನೆರಳಲ್ಲಿ.

"ಏನು ಬಸಯ್ಯ, ಬಾಯಿಗೆ ಬೀಗ ಹಾಕಿದ್ದೀಯ?" ಎಂದರು ನಾಯಕರು. "ಹೋಗಿ ಕೆರೆಯ ತಪಾಸಣೆ ಮಾಡಿಕೊಂಡು ಬಾ. ಆದರೆ ಕೆರೆಯಲ್ಲಿ ತಪ್ಪಿದೆ ಅನ್ನಬಾರದು. ಕಲ್ಲಿನ ಮೇಲೆ ನನ್ನ ಹೆಸರು ಕೆತ್ತಿದೆ."

"ಆಗಲಿ ಬುದ್ಧಿ."

"ಸುಳ್ಳನ್ನೂ ಹೇಳಬಾರದು. ತಪಾಸಣೆಯವನು ಸುಳ್ಳ ಅಂತಾದರೆ ನನ್ನ ಮಾನ ಹೋಗುತ್ತೆ."

"ಎರಡರಲ್ಲಿ ಒಂದು ಎಡವಟ್ಟಾದರೆ?"

"ಗಡಿಪಾರು" ಎಂದ ಸೂರಪ್ಪ, ನಾಯಕರಿಗಿಂತ ಮೊದಲೇ.

ಗೋಣಿಬಸಯ್ಯ ನಡೆದುಕೊಂಡೇ ಹೋದ. ಏರಿಯ ಕೆಳಗೇ ಕೆಳಕೇರಿ. ಅಲ್ಲಿ ಮುದುಕಿ ಕರಿಯವ್ವ ಅಂಗಳ ಗುಡಿಸುತ್ತಿದ್ದಳು.

"ಹೆಂಗಿದೆ ಕೆರೆ, ಅವ್ವ?"

"ಭಾಳ ಚೆನ್ನಾಗೈತೆ ಸ್ವಾಮಿ. ಮೊದಲು ಅಂಗಳಕ್ಕೆ ನಾನೇ ನೀರು ಚಿಮುಕಿಸ್ತಿದ್ದೆ. ಈಗ ಏರಿಯೇ ಚಿಮುಕಿಸ್ತದೆ. ಸೂರಪ್ಪನೋರು ಮಣ್ಣು ಸುರಿಸಿದರು, ದನ ಕಟ್ಟಿ ತುಳಿಸಲಿಲ್ಲ. ಕೇಳಿದ್ದಕ್ಕೆ, ಮಳೆ ಬಂದು ತಾನೇ ಗಟ್ಟಿಯಾಗ್ತದೆ ಅಂದರು." ಮುದುಕಿ ಪೊರಕೆ ಕೆಳಗಿಟ್ಟಳು. "ಆವತ್ತು ನೀನೇ ಅಲ್ಲೇನಪ್ಪ, ಮರಿಮಕ್ಕಳ ಕಾಲಕ್ಕೂ ಅಂದೋನು? ನನ್ನ ಮರಿಮಗ ತೊಟ್ಟಿಲಾಗೇ ಅವನೆ. ಮಳೆಗಾಲ ಹತ್ತಿರ ಬಂತು. ನನಗೆ ಹೆದರಿಕೆ ಆಗ್ತದೆ."

ಗೋಣಿಬಸಯ್ಯನಿಗೆ ನಾಚಿಕೆಯಾಯಿತು. ಏರಿಯ ಬುಡಕ್ಕೆ ಕೋಲು ಚುಚ್ಚಿದ. ಬಿಸಿ ಮುದ್ದೆಗೆ ಬೆರಳಿಟ್ಟಂತೆ ಕೋಲು ಒಳಗೆ ಹೋಯಿತು.

ಮರುದಿನ ಸಭೆ ಸೇರಿತು.

"ಬುದ್ಧಿ, ಹೇಳುವುದಕ್ಕೆ ನನ್ನ ಬಳಿ ತಪ್ಪು ಒಂದೂ ಇಲ್ಲ" ಎಂದ ಗೋಣಿಬಸಯ್ಯ. ಸೂರಪ್ಪ ಮೀಸೆ ತಿರುವಿದ. "ಆದರೆ ಒಂದು ಸಂಪ್ರದಾಯ ಬಾಕಿ ಉಳಿದಿದೆ. ಕೆರೆ ಕಟ್ಟಿಸಿದವನಿಗೆ ಅದೇ ಏರಿಯ ಕೆಳಗೆ ಕೊಡುಗೆ ಗದ್ದೆ ಬಿಟ್ಟುಕೊಡುವುದು ನಿಮ್ಮ ತಾತನ ಕಾಲದಿಂದ ಬಂದ ಪದ್ಧತಿ. ಅಲ್ಲೇ ಮನೆ ಕಟ್ಟಿ ವಾಸ ಮಾಡಬೇಕು ಅನ್ನುವುದೂ ಪದ್ಧತಿ. ಸೂರಪ್ಪನವರಿಗೆ ಏರಿಯ ಬುಡದ ಗದ್ದೆಯನ್ನೇ ಕೊಡಿ. ಮಳೆಗಾಲಕ್ಕೆ ಮೊದಲೇ ಹೆಂಡತಿ ಮಕ್ಕಳ ಜೊತೆ ಅಲ್ಲಿಗೆ ಹೋಗಿಬಿಡಲಿ."

"ಕೊಟ್ಟೆ" ಎಂದರು ನಾಯಕರು ಖುಷಿಯಿಂದ.

ಸೂರಪ್ಪ ಮೀಸೆಯಿಂದ ಕೈ ತೆಗೆದ. "ಬಾವ, ನನಗೆ... ಥಂಡಿ ಆಗಿಬರಲ್ಲ."

"ಬೆಚ್ಚಗಿನ ಮನೆ ಕಟ್ಟಿಸಿಕೊಡೋಣ" ಎಂದ ಗೋಣಿಬಸಯ್ಯ.

"ಸೊಳ್ಳೆ ಕಾಟ."

"ಪರದೆ ಕಟ್ಟಿಸೋಣ."

"ನನಗೆ ಗುಡ್ಡದ ಮೇಲಿನ ಕಲ್ಲು ಹೊಲ ಕೊಡಿ ಬಾವ. ಅಲ್ಲಿ ಗಾಳಿ ಚೆನ್ನಾಗಿರುತ್ತೆ."

ನಾಯಕರು ಬಾವಮೈದುನನನ್ನೇ ದಿಟ್ಟಿಸಿದರು. ಅಂಗೈಯಗಲ ಹಿತ್ತಲಿಗಾಗಿ ಹೆತ್ತ ಅಪ್ಪನ ಜೊತೆ ಜಗಳ ಕಾದ ಮನುಷ್ಯ ಇವನು. ಪುಕ್ಕಟೆ ಸಿಕ್ಕ ನೀರಾವರಿ ಗದ್ದೆ ಬಿಟ್ಟು ಗಾಳಿ ಕುಡಿಯುವುದಕ್ಕೆ ಹೊರಟಿದ್ದಾನೆ.

"ಸೂರಪ್ಪ, ಏರಿ ನಿಲ್ಲುತ್ತೋ ಇಲ್ಲವೋ?"

ಸೂರಪ್ಪ ಗೋಣಿಬಸಯ್ಯನತ್ತ ಕೈ ತೋರಿಸಿದ. "ಅವನನ್ನೇ ಕೇಳಿ. ಅಲುಗಾಡಲ್ಲ ಅಂತ ಭಾಷಣ ಮಾಡಿದವನು ಅವನೇ. ಆಗ ಹೇಳಿದ್ದು ಸುಳ್ಳೋ?"

"ಸುಳ್ಳೇ" ಎಂದ ಗೋಣಿಬಸಯ್ಯ. "ಆಗ ನಾನು ಮಂತ್ರಿ. ಕುತ್ತಿಗೆಯಲ್ಲಿ ಗಲ್ಲದ ತನಕ ಹಾರ. ಬಗ್ಗಿ ಕೆಳಗೆ ನೋಡುವುದಕ್ಕೇ ಆಗುತ್ತಿರಲಿಲ್ಲ. ನೀವು ಹಾರ ತೆಗೆಸಿದ ಮೇಲೆ ಕಣ್ಣಿಗೆ ನೆಲ ಬಿತ್ತು ಬುದ್ಧಿ. ನೆಲದ ಮೇಲೆ ಕೆಳಕೇರಿಯೂ ಇತ್ತು."

ನಾಯಕರು ಮೊದಲು ಗಂಟುಮೋರೆ ಹಾಕಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಭೆಯೂ ನಕ್ಕಿತು. ಅದಕ್ಕೂ ಊಟ ಇತ್ತಲ್ಲ.

ಅವತ್ತೇ ತೂಬು ತೆಗೆಸಿ ನೀರು ಇಳಿಸಿದರು. ಏರಿ ಗಟ್ಟಿಯಾಗುವ ತನಕ ಕೆಳಕೇರಿಯವರನ್ನು ಅರಮನೆಯ ಛತ್ರದಲ್ಲಿ ಇಳಿಸಿದರು. ಸೂರಪ್ಪನಿಗೆ ಏರಿಯ ಬುಡದಲ್ಲೇ ಒಂದು ಗುಡಿಸಲು ಹಾಕಿಸಿಕೊಟ್ಟರು. ಮಂತ್ರಿ ಸೂರಪ್ಪನವರು ದನಗಳ ಹಿಂದೆ ಪಂಚೆ ಎತ್ತಿ ಕಟ್ಟಿಕೊಂಡು ಖುದ್ದಾಗಿ ಮಣ್ಣು ತುಳಿದರು. ಹಾಗೆ ಅವಸರ ಅವಸರವಾಗಿ, ಅಷ್ಟು ಶ್ರದ್ಧೆಯಿಂದ ಆ ರಾಜ್ಯದಲ್ಲಿ ಯಾವ ಮಂತ್ರಿಯೂ ಕೆಲಸ ಮಾಡಿರಲಿಲ್ಲ. ಮಳೆ ಬಂತು, ಕೆರೆ ತುಂಬಿತು, ಮಳೆ ಬಿಟ್ಟ ಮೇಲೆ ಕರಿಯವ್ವನ ಅಂಗಳ ಒಣಗಿಯೇ ಇತ್ತು.

ನಾಯಕರು ಗೋಣಿಬಸಯ್ಯನನ್ನು ಕರೆಸಿದರು. "ಬಸಯ್ಯ, ನಿನ್ನನ್ನು ಇಳಿಸಿದ್ದು ನನ್ನ ದಡ್ಡತನ. ನಾಳೆಯಿಂದ ಮತ್ತೆ ನೀನೇ ಮಂತ್ರಿ."

ಗೋಣಿಬಸಯ್ಯ ಕೈಮುಗಿದ.

"ಬೇಡ ಬುದ್ಧಿ. ಮಂತ್ರಿಯಾದರೆ ನಾಳೆ ನಾನು ಮಾಡಬೇಕಾದ ಮೊದಲನೇ ಕೆಲಸ, ಇಂಥ ತಪಾಸಣೆಯವನನ್ನು ಗಡಿಪಾರು ಮಾಡುವುದು."