ಮರಳುಗಡಿಯಾರದ ಮುನಿಸು

ಜರ್ಮನಿಯ ಸಣ್ಣ ಊರೊಂದರ ಪಾದ್ರಿ ಟೀಲ್‌ಮನ್ನರು ಚರ್ಚಿನ ಕೆಲಸ ಬಿಟ್ಟು ಅದೇ ಊರಿನ ಗ್ರಂಥಾಲಯ ಸೇರಿದಾಗ, ಸಭೆಯ ಭಕ್ತರು, ಅವರು ನಿಂತು ಉಪದೇಶ ಮಾಡುತ್ತಿದ್ದ ಪ್ರಸಂಗಪೀಠದ ಮೇಲೆ ಹೊತ್ತು ಅಳೆಯುತ್ತಿದ್ದ ಮರಳುಗಡಿಯಾರವನ್ನು ನೆನಪಿಗೆಂದು ಕೊಟ್ಟು ಕಳಿಸಿದರು. ಗಡಿಯಾರಕ್ಕೆ ಅದು ದೊಡ್ಡ ಅವಮಾನವಾಯಿತು.

"ಅಲ್ಲಿ ನನ್ನ ದರ್ಬಾರೇ ಬೇರೆ," ಎಂದು ಅದು ಪುಸ್ತಕ ಇಳಿಸುವ ಏಣಿಯ ಮುಂದೆ ಗೊಣಗಿತು. "ಪ್ರಸಂಗ ಶುರುವಾದರೆ ಸಾಕು, ಊರಿಗೆ ಊರೇ ನನ್ನನ್ನು ನೋಡುತ್ತಿತ್ತು. ನನ್ನ ಮರಳು ಮುಗಿದ ಕೂಡಲೇ ಎಲ್ಲರೂ ಕೆಮ್ಮುತ್ತಿದ್ದರು, ಅಯ್ಯನವರು ಆಮೆನ್ ಅನ್ನಲೇಬೇಕಿತ್ತು. ಈಗ ಮೂಲೆಯಲ್ಲಿ ಕೂತು ಏನೋ ಗೀಚುತ್ತಾರೆ, ಕೇಳುವವರೇ ಇಲ್ಲ. ಪಾಪ, ಮನುಷ್ಯ ಕೆಟ್ಟುಹೋದರು."

"ಸ್ವಲ್ಪ ತಾಳಿ," ಎಂದಿತು ಏಣಿ.

ಒಂದು ಬೆಳಿಗ್ಗೆ ಬೇಕರಿಯ ಊರ್ಸುಲ ಬಂದಳು. ಚರ್ಚಿನಲ್ಲಿ ಎಲ್ಲರಿಗಿಂತ ಮೊದಲು ಕೆಮ್ಮುತ್ತಿದ್ದವಳು ಅವಳೇ.

"ಒಲೆಯಲ್ಲಿ ಬ್ರೆಡ್ ಇಟ್ಟು ಬಂದಿದ್ದೇನೆ ಅಯ್ಯನವರೇ, ಈ ಮರಳು ಮುಗಿಯುವಷ್ಟರಲ್ಲಿ ಹೊರಡಬೇಕು," ಎಂದು ಗಡಿಯಾರವನ್ನು ತಾನೇ ತಿರುಗಿಸಿಟ್ಟು, ಅಯ್ಯನವರು ಆ ಮೂಲೆಯಲ್ಲಿ ಕೂತು ಬರೆದು ಮುಗಿಸಿದ್ದ ಪುಸ್ತಕವನ್ನು ತೆರೆದು ಕೂತಳು.

ಗಡಿಯಾರಕ್ಕೆ ಹೋದ ಜೀವ ಬಂತು. ಮರಳನ್ನು ಠೀವಿಯಿಂದ ಸುರಿಸಿತು. ಕೊನೆಯ ಕಣವೂ ಬಿತ್ತು. ಇನ್ನೇನು ಕೆಮ್ಮುತ್ತಾಳೆ ಎಂದು ಕಾಯಿತು. ಕೆಮ್ಮಲಿಲ್ಲ.

"ನನ್ನ ಕಡೆ ತಿರುಗಿಯೂ ನೋಡಲಿಲ್ಲವಲ್ಲ!" ಎಂದು ಅದು ಕಂಗಾಲಾಯಿತು.

"ಅಯ್ಯನವರು ಅಷ್ಟು ವರ್ಷ ಪೀಠದ ಮೇಲೆ ನಿಂತು ಬೇಡಿಕೊಂಡದ್ದು ಇದನ್ನೇ," ಎಂದಿತು ಏಣಿ.

ಗಡಿಯಾರ ಟೀಲ್‌ಮನ್ನರ ಮುಖ ನೋಡಿತು. ಅವರು ಉಸಿರು ಬಿಗಿಹಿಡಿದು ಕೂತಿದ್ದರು.

ಆಚೆ ಬೀದಿಯಿಂದ ಬ್ರೆಡ್ ಸೀದ ವಾಸನೆ ಬಂತು. ಊರ್ಸುಲ ಮುಂದಿನ ಪುಟ ತಿರುವಿದಳು.