ಮೂರು ನಾಲಿಗೆಯ ಮಾತು

"ಕೇಳ್ರಪೋ ಕೇಳ್ರಿ! ರಾಜಕುಮಾರಿ ರತ್ನಾವತಿ ಮೂರು ಒಗಟು ಕೇಳ್ತಾರ. ಮೂರಕ್ಕೂ ಉತ್ತರ ಒಂದೇ ಮಾತು. ಬಿಡಿಸಿದವಗ ರಾಜಕುಮಾರಿ, ಅರ್ಧ ರಾಜ್ಯ. ತಪ್ಪಿದವನ ತಲಿ ಸಂಜೀಗೆ ಉರುಳತದ!"

ಡಂಗುರ ಕೇಳಿ, ಛತ್ರದ ಬಾವಿಯಲ್ಲಿ ನೀರು ಸೇದುತ್ತಿದ್ದ ಯಮನೂರಪ್ಪ ಹಗ್ಗ ಕೆಳಗಿಟ್ಟ. ಹೆತ್ತವಳು ಹೋಗಿ ಹನ್ನೆರಡು ವರ್ಷವಾಗಿತ್ತು. ದಿನಾ ನೂರು ಜನ ಅವನ ಕೈಯಿಂದ ನೀರು ಕುಡಿಯುತ್ತಿದ್ದರು. ಒಬ್ಬರೂ ಅವನ ಹೆಸರು ಕೇಳಿರಲಿಲ್ಲ. "ನಾ ಸತ್ತರ ಅಳಾವ್ರು ಯಾರದಾರ?" ಎಂದುಕೊಂಡು ಅರಮನೆಗೆ ನಡೆದ.

ತಾಯಿಯಿಲ್ಲದ ರತ್ನಾವತಿ ಪರದೆಯ ಹಿಂದೆ ಒಬ್ಬಳೇ ಕೂತಿದ್ದಳು.

"ಪಾರಸಿಯವ್ರಲ್ಲಿ ಅದು ತಲಿಯೊಳಗ ಹುಟ್ಟತದ, ಕಣ್ಣಿಗೆ ಕಾಣಂಗಿಲ್ಲ. ಕನ್ನಡದವ್ರಲ್ಲಿ ಬಾಲ ಬೆಳೆಸ್ಕೊಂಡು ತಲಿಮ್ಯಾಲೆ ಹತ್ತಿ ಕೂಡತದ, ಹೆಂಡತಿ ಬೈದ್ರೂ ಇಳಿಯಂಗಿಲ್ಲ. ದಖನಿಯವ್ರಲ್ಲಿ ಅದನ್ನ ಒಬ್ಬರಿಗಾಗಿ ಇನ್ನೊಬ್ರು ಇಡಬೇಕು. ಯಾರೂ ಇಡದಾಕಿ ಅರಮನ್ಯಾಗಿದ್ರೂ ತಬ್ಬಲಿ. ಏನದು?"

ಪಂಡಿತನೊಬ್ಬ "ಕನಸು" ಎಂದ. ಕನಸಿಗೆಲ್ಲಿಯ ಬಾಲ? ಸಾಹುಕಾರನ ಮಗ ಮೀಸೆ ತಿರುವಿ, "ರುಮಾಲು! ತಲಿಮ್ಯಾಲೆ ಕೂಡತದ, ಹಿಂದ ಬಾಲಾನೂ ಅದ" ಎಂದ. ತಲೆಯೊಳಗೆ ರುಮಾಲು ಹುಟ್ಟೀತೇ? ಇಬ್ಬರ ಕೈಗೂ ಹಗ್ಗ ಬಿತ್ತು.

ಯಮನೂರಪ್ಪ ಮುಂದೆ ಬಂದಾಗ ಸಭೆ ನಕ್ಕಿತು.

"ಖಯಾಲ್ ರೀ, ದೊರೆಸಾನಿ. ಗವಾಯಿಗಳು ತಾಸುಗಟ್ಲೆ ಹಾಡ್ತಾರಲ್ಲ, ಆ ಹಾಡಿನ ಹೆಸರೂ ಅದೇ. ಪಾರಸಿಯವ್ರಿಗೆ ಅದು ಮನಸಿನ್ಯಾಗ ಮೂಡೋ ಯೋಚನಿ. ನಾವು ಅದಕ್ಕ 'ಇ' ಅನ್ನೋ ಬಾಲ ಹಚ್ಚಿ ಖಯಾಲಿ ಅಂತೀವಿ. ಪಗಡಿಯಾಟದ ಖಯಾಲಿ, ಕೋಳಿ ಕಾಳಗದ ಖಯಾಲಿ. ಹಿಡಿದ್ರ ಬಿಡಂಗಿಲ್ಲ."

"ಮೂರನೇದು?" ಪರದೆಯ ಹಿಂದಿನ ದನಿ ಸಣ್ಣದಾಯಿತು.

"ದಖನಿ ಉರ್ದು ಆಡೋವ್ರು ಊರಿಗೆ ಹೊರಡೋವಾಗ ತಮ್ಮವ್ರಿಗೆ 'ಖಯಾಲ್ ರಖೋ' ಅಂತಾರ. ಖಯಾಲ್ ಇಡ್ರಿ, ಅಂದ್ರ ಜೋಪಾನ ಅಂತ. ಬಾವಿಕಟ್ಟಿಮ್ಯಾಲೆ ನಿಂತು ದಿನಾ ಕೇಳೀನ್ರಿ. ನನಗ ಮಾತ್ರ ಯಾರೂ ಅಂದಿಲ್ಲ. ಅದಕ್ಕ ಮರ್ತಿಲ್ಲ."

ರಾಜ "ಸೈ!" ಎಂದು ಎದ್ದು ಅರ್ಧ ರಾಜ್ಯ ಘೋಷಿಸಿದ. ಯಮನೂರಪ್ಪ ಕೈಮುಗಿದು, "ಮೊದಲ ಆ ಇಬ್ಬರನ್ನ ಬಿಡ್ರಿ" ಎಂದ. ಹಗ್ಗ ಬಿಚ್ಚಿದರು.

ರತ್ನಾವತಿ ಪರದೆ ಸರಿಸಿ ಬಂದಳು. "ಕನ್ನಡದಾಗ ಆ ಮೂರನೇದಕ್ಕ ಏನಂತಾರ?"

ಅವಳು ಅವನ ಒಣಗಿದ ಮುಖ ನೋಡಿ ತಾನೇ ಹೇಳಿದಳು:

"ಊಟಾ ಆತೇನ್ರಿ?"

ಹನ್ನೆರಡು ವರ್ಷದಲ್ಲಿ ಯಾರೂ ಕೇಳಿರದ ಮಾತು. ಒಗಟು ಬಿಡಿಸಿದವನು ಇಲ್ಲವೆಂದು ತಲೆಯಾಡಿಸಿ, ತುಂಬಿದ ಸಭೆಯಲ್ಲಿ ಬಿಕ್ಕಿಬಿಕ್ಕಿ ಅತ್ತ.

ಮದುವೆ, ಮೆರವಣಿಗೆ ಎಲ್ಲ ಆಮೇಲಾಯಿತು. ಅವಳು ಮೊದಲು ಎರಡು ತಾಟು ಅಕ್ಕಪಕ್ಕ ಇಡಿಸಿದಳು.