ಸೂಜಿಯ ಕೈಗುಣ

ಹಳೆಯ ಸ್ಕೂಟರಿನ ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಹಿತ್ತಾಳೆಯ ಜೆಟ್ ಇತ್ತು. ಅಂಥ ಇನ್ನೊಂದು ಜೆಟ್ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಒಮ್ಮೆ ಅದರ ಸಣ್ಣ ತೂತಿನಲ್ಲಿ ಕಸ ಸಿಕ್ಕಿಕೊಂಡಿತು. ಮೆಕ್ಯಾನಿಕ್ ಕಾಲರಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದ.

"ಊದಿದರೆ ಸಾಕು, ಸೂಜಮ್ಮ. ಚುಚ್ಚಿದರೆ ತೂತು ದೊಡ್ಡದಾಗುತ್ತದೆ," ಎಂದಿತು ಜೆಟ್.

"ಹೆದರಬೇಡಪ್ಪ, ನನ್ನ ಕೈಗುಣ ಒಳ್ಳೆಯದು," ಎಂದು ಸೂಜಿ ಒಳಹೊಕ್ಕಿತು.

ತೂತು ಅಗಲವಾಯಿತು. ಪೆಟ್ರೋಲು ಹೆಚ್ಚು ಹರಿದು ಸ್ಕೂಟರ್ ಕಪ್ಪು ಹೊಗೆ ಉಗುಳಿತು.

"ನೋಡು, ಒಳಗೆ ಇನ್ನೂ ಎಷ್ಟು ಕೊಳೆ!" ಎಂದು ಸೂಜಿ ಮತ್ತೆ ಚುಚ್ಚಿತು. ಹೊಗೆ ದಟ್ಟವಾದಷ್ಟೂ ಅದರ ಶ್ರದ್ಧೆ ಹೆಚ್ಚಿತು.

ಕೊನೆಗೆ ಸ್ಕೂಟರ್ ಓಡದೆ ನಿಂತೇಹೋಯಿತು; ಗುಜರಿಯವನು ಅದನ್ನು ಗಾಡಿಗೆ ಹಾಕಿಕೊಂಡು ಹೊರಟ. ಸೂಜಿ ಪಕ್ಕದ ಸ್ಕೂಟರಿಗೆ ಹೇಳುತ್ತಿದ್ದುದು ಜೆಟ್ಟಿಗೆ ಕೇಳಿಸಿತು: "ಪಾಪ, ನನ್ನನ್ನು ಇನ್ನೂ ಮೊದಲೇ ಕರೆದಿದ್ದರೆ ಉಳಿಯುತ್ತಿತ್ತು. ನೀನಾದರೂ ತಡಮಾಡಬೇಡಪ್ಪ."